ಒಂದು ‘ಹೌದು’ ಎಲ್ಲಿ ಸಾಕಾಯಿತು? ಗುರಿಯಿಟ್ಟ ವಂಚನೆಯ ನಂತರ ದೋಷ ಹುಡುಕುವ ಕೈಪಿಡಿ

ಗುರಿಯಿಟ್ಟು ನಡೆದ ವಂಚನೆಯ ನಂತರ ಸಂಸ್ಥೆಗಳು ಬರೆಯುವ ವರದಿಯಲ್ಲಿ ‘ಮೂಲ ಕಾರಣ’ ಎಂಬ ಅಂಕಣ ಇರುತ್ತದೆ. ಅದರ ಎದುರು ಸಾಮಾನ್ಯವಾಗಿ ಕಾಣುವುದು ಒಂದೇ ಸಾಲು: ‘ನೌಕರರು ಎಚ್ಚರ ತಪ್ಪಿ ಲಿಂಕ್ ಒತ್ತಿದ್ದಾರೆ.’ ಜ್ವರಕ್ಕೆ ಮೈ ಬಿಸಿಯಾದದ್ದೇ ಕಾರಣ ಎಂದು ಬರೆದ ಹಾಗೆ ಇದು. ನೂರಾರು ಮಂದಿ ದಿನವಿಡೀ ಮೇಲ್ ತೆರೆಯುವ, ಫೋನ್ ಎತ್ತುವ ಕಡೆ ಯಾರೋ ಒಬ್ಬರು ಯಾವತ್ತೋ ನಂಬಿಯೇ ನಂಬುತ್ತಾರೆ. ವಂಚಕರು ಅವರ ಹೆಸರು, ಹುದ್ದೆ, ಮೇಲಧಿಕಾರಿ, ಈ ವಾರ ಮುಗಿಸಬೇಕಾದ ಕೆಲಸ ಎಲ್ಲವನ್ನೂ ತಿಳಿದುಕೊಂಡೇ ಬಂದಿರುತ್ತಾರೆ. ಯಾರು ನಂಬಿದರು ಎಂದು ಕೇಳಿ ಪ್ರಯೋಜನವಿಲ್ಲ. ಆ ಒಬ್ಬರ ಒಂದು ‘ಹೌದು’ ಅಷ್ಟು ದೂರ ಹೋಗಲು ನಮ್ಮ ವ್ಯವಸ್ಥೆ ಎಲ್ಲಿ ದಾರಿ ಬಿಟ್ಟಿತ್ತು ಎಂದು ಕೇಳಬೇಕು.

ಘಟನೆ ನಡೆದ ಮೇಲೆ, ಅಥವಾ ನಡೆದಿರಬಹುದೆಂಬ ಗುಮಾನಿ ಬಂದ ಮೇಲೆ, ಲಕ್ಷಣದಿಂದ ದೋಷದ ಕಡೆಗೆ ಹೋಗುವ ದಾರಿಯನ್ನು ಇಲ್ಲಿ ಕೊಟ್ಟಿದೆ. ಐಟಿ ವಿಭಾಗದವರೂ ಲೆಕ್ಕಪತ್ರದವರೂ ಒಟ್ಟಿಗೆ ಕುಳಿತು ಓದುವುದು ಒಳ್ಳೆಯದು. ಈ ಬಗೆಯ ದೋಷ ಒಂದೇ ವಿಭಾಗದೊಳಗೆ ಅಡಗಿರುವುದು ಅಪರೂಪ.

ಮೊದಲ ಗಂಟೆ

ಹಣ ಹೊರಗೆ ಹೋಗಿದ್ದರೆ ತನಿಖೆ ಆಮೇಲೆ; ಮೊದಲು ನಿಮ್ಮ ಬ್ಯಾಂಕಿಗೆ ಕರೆ ಮಾಡಿ ವರ್ಗಾವಣೆಯನ್ನು ತಡೆಯಲು, ಹಿಂಪಡೆಯಲು ಕೇಳಿ, ನಂತರ ಪೊಲೀಸರಿಗೆ ದೂರು ಕೊಡಿ. ವಂಚಕರು ಬಂದ ಹಣವನ್ನು ಒಂದು ಖಾತೆಯಲ್ಲಿ ಹೆಚ್ಚು ಹೊತ್ತು ಇಡುವುದಿಲ್ಲ. ಗಂಟೆಗಳು ಕಳೆದಂತೆ ಅದು ಹಲವು ಖಾತೆಗಳಿಗೆ, ಹಲವು ದೇಶಗಳಿಗೆ ಚದುರುತ್ತದೆ. ‘ಮೇಲಧಿಕಾರಿಗಳು ಸಭೆಯಲ್ಲಿದ್ದಾರೆ, ಅವರಿಗೆ ತಿಳಿಸಿಯೇ ಬ್ಯಾಂಕಿಗೆ ಹೇಳೋಣ’ ಎಂಬ ಸಂಕೋಚಕ್ಕೆ ತೆರುವ ಬೆಲೆ ದೊಡ್ಡದು. ಬ್ಯಾಂಕಿಗೆ ಕರೆ ಮಾಡುವ ಅಧಿಕಾರ ಯಾರಿಗಿದೆ ಎಂಬುದು ಘಟನೆಗೆ ಮೊದಲೇ ಬರಹದಲ್ಲಿ ಇರಬೇಕು. ಇಲ್ಲದಿದ್ದರೆ ನಿಮಗೆ ಮೊದಲ ದೋಷ ಇಲ್ಲಿಯೇ ಸಿಕ್ಕಿತು.

ಖಾತೆ ಕೈತಪ್ಪಿದ್ದರೆ ಎಲ್ಲರೂ ಮಾಡುವ ಕೆಲಸ ಪಾಸ್‌ವರ್ಡ್ ಬದಲಾವಣೆ. ಅದು ಬೇಕು, ಆದರೆ ಸಾಲದು. ಇಂದಿನ ನಕಲಿ ಲಾಗಿನ್ ಪುಟಗಳು ಪಾಸ್‌ವರ್ಡನ್ನು ಕದ್ದು ಸುಮ್ಮನಾಗುವುದಿಲ್ಲ. ನಿಜವಾದ ತಾಣಕ್ಕೂ ಬಳಕೆದಾರರಿಗೂ ನಡುವೆ ನಿಂತು, ಒಟಿಪಿಯನ್ನೂ ದಾಟಿಸಿ, ಲಾಗಿನ್ ಆದ ಮೇಲೆ ಸಿಗುವ ಸೆಷನ್ ಕುಕಿಯನ್ನು (ಮತ್ತೆ ಪಾಸ್‌ವರ್ಡ್ ಕೇಳದೆ ಒಳಗೆ ಬಿಡುವ ಗುರುತಿನ ತುಣುಕು) ಎತ್ತಿಕೊಳ್ಳುತ್ತವೆ. ಆ ಕುಕಿ ಇರುವವರೆಗೆ ವಂಚಕರಿಗೆ ಪಾಸ್‌ವರ್ಡಿನ ಹಂಗಿಲ್ಲ. ಆದ್ದರಿಂದ ಎಲ್ಲ ಸೆಷನ್‌ಗಳನ್ನೂ ರದ್ದುಮಾಡಿ, ಪಾಸ್‌ವರ್ಡ್ ಬದಲಿಸಿ, ಎರಡನೇ ಹಂತದ ದೃಢೀಕರಣಕ್ಕೆ ಹೊಸ ಫೋನ್ ಸೇರಿಕೊಂಡಿದೆಯೇ ನೋಡಿ. ಮೇಲ್‌ಬಾಕ್ಸಿನ ನಿಯಮಗಳನ್ನು, ಎಂದರೆ ಬಂದ ಮೇಲನ್ನು ತಾನಾಗಿ ಸರಿಸುವ ಹೊಂದಿಕೆಗಳನ್ನು, ನೋಡಿ. ಆ ಖಾತೆ ಯಾವ ಹೊರಗಿನ ಆ್ಯಪ್‌ಗಳಿಗೆ ಅನುಮತಿ ಕೊಟ್ಟಿದೆ ಎಂಬುದನ್ನೂ ನೋಡಿ. ಕೊನೆಯದನ್ನು ಮರೆಯುವವರೇ ಹೆಚ್ಚು. ‘ಈ ಆ್ಯಪ್ ನಿಮ್ಮ ಮೇಲ್ ಓದಬಹುದೇ?’ ಎಂಬುದಕ್ಕೆ ಒಮ್ಮೆ ಒಪ್ಪಿದರೆ, ಆ ಅನುಮತಿ ಪಾಸ್‌ವರ್ಡ್ ಬದಲಾದ ಮೇಲೂ ಉಳಿಯಬಹುದು.

ಸಾಕ್ಷ್ಯದ ವಿಷಯದಲ್ಲಿ ಎರಡು ಮಾತು. ಗಾಬರಿಯಲ್ಲಿ ಮೇಲ್ ಅಳಿಸಬೇಡಿ, ಮಾಮೂಲಿನಂತೆ ಫಾರ್ವರ್ಡ್ ಮಾಡಲೂ ಬೇಡಿ. ಹಾಗೆ ಮಾಡಿದರೆ ಮೂಲ ಹೆಡರ್ (ಮೇಲ್ ಎಲ್ಲಿಂದ, ಯಾವ ದಾರಿಯಲ್ಲಿ ಬಂತೆಂಬ ದಾಖಲೆ) ಕಳೆದುಹೋಗುತ್ತದೆ. ಅದನ್ನು ಅಟ್ಯಾಚ್‌ಮೆಂಟ್ ಆಗಿ ಕಳುಹಿಸಿ. ಲಾಗಿನ್ ದಾಖಲೆಗಳನ್ನು ಅಂದೇ ಇಳಿಸಿಕೊಳ್ಳಿ, ಏಕೆಂದರೆ ಕೆಲವು ಕ್ಲೌಡ್ ಸೇವೆಗಳ ಉಚಿತ ಹಂತದಲ್ಲಿ ಅವು 7 ದಿನ ಮಾತ್ರ ಉಳಿಯುತ್ತವೆ. ಇನ್ನೊಂದು ವಿಷಯ: ಕೈತಪ್ಪಿದ ಮೇಲ್ ವ್ಯವಸ್ಥೆಯಲ್ಲೇ ತನಿಖೆಯ ಮಾತುಕತೆ ನಡೆಸಬೇಡಿ. ಓದುತ್ತಿರುವವರಲ್ಲಿ ವಂಚಕರೂ ಇರಬಹುದು.

ಸರಬರಾಜುದಾರರ ಖಾತೆ ‘ಬದಲಾಗಿದೆ’, ಹಣ ಬೇರೆ ಕಡೆ ಹೋಗಿದೆ

ಎಲ್ಲಕ್ಕಿಂತ ಹೆಚ್ಚು ನಷ್ಟ ತರುವ ಲಕ್ಷಣಗಳಲ್ಲಿ ಇದೊಂದು. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ. ಸರಬರಾಜುದಾರರು ‘ನಮ್ಮ ಹಣ ಬಂದಿಲ್ಲ’ ಎನ್ನುತ್ತಾರೆ; ನಿಮ್ಮವರು ‘ನೀವೇ ಹೊಸ ಖಾತೆ ಕೊಟ್ಟಿರಲ್ಲ’ ಎನ್ನುತ್ತಾರೆ. ಮೊದಲು ತಿಳಿಯಬೇಕಾದದ್ದು ಆ ಮೇಲ್ ನಿಜವಾಗಿ ಎಲ್ಲಿಂದ ಬಂತು ಎಂಬುದು. ಸಾಧ್ಯತೆಗಳು ಮೂರು: ಹೋಲುವ ಹೆಸರಿನ ಬೇರೆ ಡೊಮೇನ್ (ವಿಳಾಸದಲ್ಲಿ @ ಚಿಹ್ನೆಯ ನಂತರ ಬರುವ ಹೆಸರು), ಸುಳ್ಳಾಗಿ ಬರೆದ ಕಳುಹಿಸಿದವರ ವಿಳಾಸ, ಇಲ್ಲವೇ ನಿಜವಾದ ಮೇಲ್‌ಬಾಕ್ಸೇ ವಂಚಕರ ಕೈಯಲ್ಲಿರುವುದು. ಮೂರಕ್ಕೂ ಮದ್ದು ಬೇರೆ ಬೇರೆ.

ಮೇಲ್‌ನ ಪೂರ್ಣ ಹೆಡರ್ ತೆರೆಯಿರಿ. ಕಳುಹಿಸಿದವರ ವಿಳಾಸದಲ್ಲಿ @ ಚಿಹ್ನೆಯ ನಂತರದ ಭಾಗವನ್ನು ಅಕ್ಷರ ಅಕ್ಷರವಾಗಿ ಓದಿ. ಇಂಗ್ಲಿಷಿನ ಎಂ ಅಕ್ಷರದ ಜಾಗದಲ್ಲಿ ಆರ್ ಮತ್ತು ಎನ್ ಜೊತೆಗೂಡಿ ಕುಳಿತಿರಬಹುದು, ಎಲ್ ಇರಬೇಕಾದಲ್ಲಿ ಒಂದು ಎಂಬ ಅಂಕಿ ಇರಬಹುದು. ಸಿರಿಲಿಕ್ ಲಿಪಿಯ ಎ ಅಕ್ಷರ ನೋಡಲು ಲ್ಯಾಟಿನ್ ಎ ಅಕ್ಷರದಂತೆಯೇ ಇರುತ್ತದೆ. ಕಣ್ಣನ್ನು ನಂಬದೆ ವಿಳಾಸವನ್ನು ನಕಲು ಮಾಡಿ ನಿಮ್ಮ ಹಳೆಯ ಪತ್ರವ್ಯವಹಾರದಲ್ಲಿ ಹುಡುಕಿ. ಹಿಂದೆಂದೂ ಬಾರದ ಡೊಮೇನ್ ಆಗಿದ್ದರೆ ಅದು ಯಾವಾಗ ನೋಂದಣಿಯಾಯಿತು ಎಂದು ನೋಡಿ. ಹತ್ತು ವರ್ಷದಿಂದ ವ್ಯವಹಾರ ಮಾಡುತ್ತಿರುವ ಕಂಪನಿಯ ಡೊಮೇನ್ ಕಳೆದ ವಾರ ಹುಟ್ಟಿದ್ದರೆ ಬೇರೆ ಪುರಾವೆ ಬೇಕಿಲ್ಲ.

ಡೊಮೇನ್ ಸರಿಯಾಗಿಯೇ ಇದ್ದರೆ ಹೆಡರಿನಲ್ಲಿ ‘ಆಥೆಂಟಿಕೇಶನ್ ರಿಸಲ್ಟ್ಸ್’ ಎಂಬ ಸಾಲು ಹುಡುಕಿ. ಮೇಲ್ ತಾನು ಹೇಳಿಕೊಂಡ ಡೊಮೇನಿನಿಂದಲೇ ಬಂತೇ ಎಂದು ನೋಡುವ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎಂಬ ಮೂರು ತಪಾಸಣೆಗಳ ಫಲಿತಾಂಶ ಅಲ್ಲಿರುತ್ತದೆ. ಡಿಮಾರ್ಕ್ ವಿಫಲವಾಗಿದ್ದರೆ ವಿಳಾಸ ಬಹುಮಟ್ಟಿಗೆ ಸುಳ್ಳು ಎಂದು ತಿಳಿಯಬಹುದು, ಆದರೂ ಮೇಲಿಂಗ್ ಪಟ್ಟಿಗಳ ಮೂಲಕ ಬಂದ ಒಳ್ಳೆಯ ಮೇಲ್ ಕೂಡ ಕೆಲವೊಮ್ಮೆ ಇದರಲ್ಲಿ ಸೋಲುತ್ತದೆ. ‘ರಿಪ್ಲೈ-ಟು’ ಸಾಲಿನಲ್ಲಿ ಬೇರೆಯದೇ ವಿಳಾಸ ಇದೆಯೇ ಎಂಬುದನ್ನೂ ನೋಡಿ. ‘ರಿಸೀವ್ಡ್’ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ನಿಮ್ಮದೇ ಸರ್ವರ್ ಬರೆದ ಸಾಲುಗಳನ್ನು ನಂಬಿ. ಅದಕ್ಕೂ ಕೆಳಗಿನವನ್ನು ಯಾರು ಬೇಕಾದರೂ ಬರೆದಿರಬಹುದು.

ಇಲ್ಲಿ ಬಹಳ ಮಂದಿ ಎಡವುವುದು ಹೀಗೆ: ಮೂರೂ ತಪಾಸಣೆಗಳು ಪಾಸಾದರೆ ಮೇಲ್ ಒಳ್ಳೆಯದು ಎಂದುಕೊಳ್ಳುತ್ತಾರೆ. ಆ ತಪಾಸಣೆಗಳು ಹೇಳುವುದು ಮೇಲ್ ಆ ಡೊಮೇನಿನಿಂದಲೇ ಬಂತು ಎಂದಷ್ಟೇ. ವಂಚಕರು ತಾವೇ ಕೊಂಡ, ಹೋಲುವ ಹೆಸರಿನ ಡೊಮೇನಿಗೆ ಈ ಮೂರನ್ನೂ ಅಚ್ಚುಕಟ್ಟಾಗಿ ಹೊಂದಿಸಿಕೊಳ್ಳುತ್ತಾರೆ, ಕೆಲವೊಮ್ಮೆ ನಿಮ್ಮ ಸಂಸ್ಥೆಗಿಂತ ಚೆನ್ನಾಗಿ.

ಡೊಮೇನ್ ನಿಜ, ತಪಾಸಣೆಗಳು ಪಾಸು, ಹಳೆಯ ಪತ್ರದ ಸರಪಳಿಗೇ ಉತ್ತರವಾಗಿ ಬಂದಿದೆ ಎಂದಾದರೆ ಯಾರದೋ ಮೇಲ್‌ಬಾಕ್ಸ್ ಒಡೆದಿದೆ. ನಿಮ್ಮದೋ, ಅವರದೋ? ನಿಮ್ಮ ಕಡೆ ನೋಡಬೇಕಾದ ಮೊದಲ ಜಾಗ ಇನ್‌ಬಾಕ್ಸ್ ನಿಯಮಗಳು. ‘ಇನ್‌ವಾಯ್ಸ್’, ‘ಪಾವತಿ’ ಮುಂತಾದ ಪದಗಳಿರುವ ಮೇಲನ್ನು ಓದಿದ್ದೆಂದು ಗುರುತು ಹಾಕಿ, ಆರ್‌ಎಸ್‌ಎಸ್ ಫೀಡ್ಸ್‌ನಂಥ ಯಾರೂ ತೆರೆಯದ ಫೋಲ್ಡರಿಗೆ ಸರಿಸುವ ನಿಯಮ ಸಿಕ್ಕರೆ ಮನೆಯೊಳಗೇ ಕಳ್ಳರಿದ್ದಾರೆ. ಅಂಥ ನಿಯಮಕ್ಕೆ ಹಲವೊಮ್ಮೆ ಹೆಸರೇ ಇರುವುದಿಲ್ಲ, ಒಂದು ಚುಕ್ಕೆ ಮಾತ್ರ ಇರುತ್ತದೆ. ಆ ನಿಯಮ ಸೃಷ್ಟಿಯಾದ ದಿನವೇ ನಿಮ್ಮ ತನಿಖೆಯ ಆರಂಭದ ದಿನ. ಮೇಲ್ ಬಂದ ದಿನವಲ್ಲ. ನಿಮ್ಮ ಕಡೆ ಏನೂ ಸಿಗದಿದ್ದರೆ ಸರಬರಾಜುದಾರರಿಗೆ ಫೋನ್ ಮಾಡಿ ಹೇಳಿ. ಅವರು ಒಪ್ಪಿಕೊಳ್ಳಲು ಹಿಂದೆಮುಂದೆ ನೋಡಬಹುದು. ನಿಯಮದ ವಿಷಯ ನಿರ್ದಿಷ್ಟವಾಗಿ ಕೇಳಿದರೆ ಬೇಗ ಹುಡುಕುತ್ತಾರೆ.

ಇಷ್ಟಾದ ಮೇಲೂ ನಿಮಗೆ ಸಿಕ್ಕಿದ್ದು ವಂಚಕರು ಬಂದ ದಾರಿ ಮಾತ್ರ. ದೋಷ ಇರುವುದು ಲೆಕ್ಕಪತ್ರದ ತಂತ್ರಾಂಶದಲ್ಲಿ: ಸರಬರಾಜುದಾರರ ಬ್ಯಾಂಕ್ ವಿವರವನ್ನು ಒಬ್ಬರೇ, ಮೇಲ್ ಒಂದನ್ನೇ ಆಧಾರವಾಗಿಟ್ಟು ಬದಲಿಸಬಹುದೇ? ಬದಲಿಸಿದ ದಿನವೇ ಪಾವತಿ ಹೋಗುತ್ತದೆಯೇ? ಎರಡಕ್ಕೂ ಉತ್ತರ ‘ಹೌದು’ ಎಂದಾದರೆ ಇಂದು ಬಿದ್ದದ್ದು ಆಕಸ್ಮಿಕ, ನಾಳೆ ಬೀಳುವುದು ಖಂಡಿತ. 2013ರಿಂದ 2015ರವರೆಗೆ ಲಿಥುವೇನಿಯಾದ ಒಬ್ಬ ವ್ಯಕ್ತಿ ಏಷ್ಯಾದ ಯಂತ್ರಾಂಶ ತಯಾರಕ ಕಂಪನಿಯೊಂದರ ಹೆಸರಿನಲ್ಲೇ ಲಾಟ್ವಿಯಾದಲ್ಲಿ ಕಂಪನಿ ನೋಂದಾಯಿಸಿ, ನಕಲಿ ಇನ್‌ವಾಯ್ಸ್ ಕಳುಹಿಸಿ, ಗೂಗಲ್ ಮತ್ತು ಫೇಸ್‌ಬುಕ್‌ಗಳಿಂದ 10 ಕೋಟಿ ಡಾಲರಿಗೂ ಹೆಚ್ಚು ಹಣ ಸೆಳೆದ. ಆ ಎರಡು ಕಂಪನಿಗಳಲ್ಲಿ ತಂತ್ರಜ್ಞರಿಗೆ ಕೊರತೆಯೇ? ವಂಚಕರು ತನ್ನ ಹಣಕಾಸು ವಿಭಾಗವನ್ನು ಇದೇ ರೀತಿ ನಂಬಿಸಿ 4.67 ಕೋಟಿ ಡಾಲರ್ ವರ್ಗಾಯಿಸಿಕೊಂಡದ್ದನ್ನು 2015ರಲ್ಲಿ ಯುಬಿಕ್ವಿಟಿ ಕಂಪನಿ ಬಹಿರಂಗಪಡಿಸಿತು.

ದುರಸ್ತಿ ಸರಳ, ಪಾಲಿಸುವುದು ಕಷ್ಟ. ಬ್ಯಾಂಕ್ ವಿವರ ಬದಲಾದರೆ ಹಳೆಯ ಕಡತದಲ್ಲಿರುವ ಸಂಖ್ಯೆಗೆ ಕರೆ ಮಾಡಿ ಖಚಿತಪಡಿಸಬೇಕು. ಮೇಲ್‌ನಲ್ಲಿ ಕೊಟ್ಟಿರುವ ಸಂಖ್ಯೆಗಲ್ಲ. ಬದಲಿಸುವವರು ಒಬ್ಬರು, ಮಂಜೂರು ಮಾಡುವವರು ಇನ್ನೊಬ್ಬರು ಇರಬೇಕು, ಮತ್ತು ಆ ಎರಡನೆಯವರು ಮೊದಲನೆಯವರ ಮಾತು ನಂಬಿ ಗುಂಡಿ ಒತ್ತದೆ ತಾವೇ ಕರೆಯ ದಾಖಲೆ ನೋಡಬೇಕು. ಇದನ್ನು ಸುತ್ತೋಲೆಯಲ್ಲಿ ಬರೆದರೆ ಸಾಲದು, ತಂತ್ರಾಂಶದಲ್ಲೇ ಕಟ್ಟಬೇಕು. ಸುತ್ತೋಲೆ ತಿಂಗಳ ಕೊನೆಯ ದಿನ ಸಂಜೆ ಯಾರನ್ನೂ ತಡೆಯುವುದಿಲ್ಲ.

ಕೇಳದೆ ಬರುವ ಲಾಗಿನ್ ಒಪ್ಪಿಗೆ

ನೌಕರರ ಫೋನಿಗೆ ‘ಲಾಗಿನ್ ಮಾಡುತ್ತಿರುವುದು ನೀವೇನಾ?’ ಎಂಬ ಸೂಚನೆ ಮೇಲಿಂದ ಮೇಲೆ ಬರುತ್ತಿದ್ದರೆ ಒಂದು ವಿಷಯ ಬಹುತೇಕ ಖಚಿತ: ಪಾಸ್‌ವರ್ಡ್ ಆಗಲೇ ಹೊರಗೆ ಹೋಗಿದೆ. ಸೂಚನೆಯನ್ನು ನಿರಾಕರಿಸಿದ್ದೇವೆ, ಸಮಸ್ಯೆ ಮುಗಿಯಿತು ಎಂದು ಬಿಡಬೇಡಿ. 2022ರ ಸೆಪ್ಟೆಂಬರಿನಲ್ಲಿ ಊಬರ್‌ನ ಗುತ್ತಿಗೆ ನೌಕರರೊಬ್ಬರ ಪಾಸ್‌ವರ್ಡ್ ಪಡೆದವರು ಒಪ್ಪಿಗೆ ಸಿಗುವವರೆಗೂ ಮತ್ತೆ ಮತ್ತೆ ಕೋರಿಕೆ ಕಳುಹಿಸಿ ಒಳಗೆ ಹೋದರು.

ತಪಾಸಿಸಬೇಕಾದದ್ದು: ಆ ಪಾಸ್‌ವರ್ಡ್ ಬೇರೆ ಎಲ್ಲೆಲ್ಲಿ ಬಳಕೆಯಲ್ಲಿದೆ, ಲಾಗಿನ್ ಯತ್ನಗಳು ಯಾವ ಇಂಟರ್ನೆಟ್ (ಐಪಿ) ವಿಳಾಸದಿಂದ ಬಂದಿವೆ, ಅದೇ ವಿಳಾಸದಿಂದ ಬೇರೆ ನೌಕರರ ಖಾತೆಗಳಿಗೂ ಯತ್ನ ನಡೆದಿದೆಯೇ. ದೋಷ ಇರುವುದು ‘ಒಪ್ಪು’ ಗುಂಡಿಯ ವಿನ್ಯಾಸದಲ್ಲಿ. ಒಂದು ಒತ್ತು ಸಾಕು ಎಂದಿದ್ದರೆ ಬೇಸತ್ತ ಬೆರಳು ಒತ್ತಿಬಿಡುತ್ತದೆ. ಪರದೆಯ ಮೇಲಿನ ಅಂಕಿಯನ್ನು ಫೋನಿನಲ್ಲಿ ಬರೆಯಬೇಕಾದ ಪದ್ಧತಿ ಇದಕ್ಕಿಂತ ಮೇಲು. ಮೈಕ್ರೊಸಾಫ್ಟ್ ತನ್ನ ಅಥೆಂಟಿಕೇಟರ್ ಆ್ಯಪ್‌ನಲ್ಲಿ ಅದನ್ನು 2023ರ ಮೇ ತಿಂಗಳಿಂದ ಕಡ್ಡಾಯ ಮಾಡಿತು. ಆದರೆ ನಡುವೆ ನಿಲ್ಲುವ ನಕಲಿ ಪುಟಗಳು ಅಂಕಿಯನ್ನೂ ದಾಟಿಸಬಲ್ಲವು. ಅದನ್ನು ತಡೆಯುವುದು ಭೌತಿಕ ಭದ್ರತಾ ಕೀಲಿ (ಕಂಪ್ಯೂಟರಿಗೆ ಸಿಕ್ಕಿಸುವ ಸಣ್ಣ ಸಾಧನ) ಅಥವಾ ಪಾಸ್‌ಕೀ (ಫೋನಿನಲ್ಲೋ ಕಂಪ್ಯೂಟರಿನಲ್ಲೋ ಇರುವ ಅಂಥದೇ ಕೀಲಿ), ಏಕೆಂದರೆ ಅದು ತಾಣದ ನಿಜವಾದ ಡೊಮೇನಿಗೆ ಕಟ್ಟಿಕೊಂಡಿರುತ್ತದೆ. ಪುಟ ಎಷ್ಟೇ ಹೋಲಲಿ, ಡೊಮೇನ್ ಬೇರೆಯಾದರೆ ಕೀಲಿ ಉತ್ತರವನ್ನೇ ಕೊಡುವುದಿಲ್ಲ.

2022ರ ಆಗಸ್ಟಿನಲ್ಲಿ ಬೆಳಕಿಗೆ ಬಂದ ಎರಡು ಘಟನೆಗಳು ಇದಕ್ಕೆ ಒಳ್ಳೆಯ ನಿದರ್ಶನ. ಟ್ವಿಲಿಯೊ ಮತ್ತು ಕ್ಲೌಡ್‌ಫ್ಲೇರ್ ಎರಡೂ ಕಂಪನಿಗಳ ನೌಕರರಿಗೆ ಹೆಚ್ಚುಕಡಿಮೆ ಒಂದೇ ಬಗೆಯ ಎಸ್‌ಎಂಎಸ್‌ಗಳು ಬಂದವು. ಟ್ವಿಲಿಯೊದಲ್ಲಿ ವಂಚಕರು ಒಳಹೊಕ್ಕರು. ಕ್ಲೌಡ್‌ಫ್ಲೇರ್‌ನಲ್ಲಿ ಮೂವರು ನೌಕರರು ನಕಲಿ ಪುಟದಲ್ಲಿ ಪಾಸ್‌ವರ್ಡ್ ಬರೆದೇ ಬಿಟ್ಟರು, ಆದರೂ ಯಾವ ವ್ಯವಸ್ಥೆಯೂ ಒಡೆಯಲಿಲ್ಲ. ಅಲ್ಲಿ ಎಲ್ಲರಿಗೂ ಭೌತಿಕ ಕೀಲಿ ಇತ್ತು. ಎರಡೂ ಕಡೆ ಮನುಷ್ಯರು ನಂಬಿದರು. ಒಂದು ಕಡೆ ಆ ನಂಬಿಕೆ ಕೆಲಸಕ್ಕೆ ಬಂತು, ಇನ್ನೊಂದು ಕಡೆ ಬರಲಿಲ್ಲ. ಎಚ್ಚರಿಕೆಯ ಭಿತ್ತಿಪತ್ರಕ್ಕೆ ಹಾಕುವ ದುಡ್ಡನ್ನು ಮೊದಲು ಕೀಲಿಗೆ ಹಾಕಿ ಎಂದು ನಾನು ಹೇಳುವುದು ಇದಕ್ಕೇ. ಎಲ್ಲರಿಗೂ ಸಾಧ್ಯವಿಲ್ಲದಿದ್ದರೆ ಅಡ್ಮಿನ್‌ಗಳು, ಲೆಕ್ಕಪತ್ರ, ಮಾನವ ಸಂಪನ್ಮೂಲ, ಮೇಲಧಿಕಾರಿಗಳು ಮತ್ತು ಅವರ ಆಪ್ತ ಸಹಾಯಕರಿಂದ ಆರಂಭಿಸಿ.

ಹೆಲ್ಪ್‌ಡೆಸ್ಕ್ ಹೊಸ ಪಾಸ್‌ವರ್ಡ್ ಕೊಟ್ಟಿದೆ, ನೌಕರರು ಕೇಳಿಯೇ ಇಲ್ಲ

ಕೀಲಿ ಗಟ್ಟಿಯಾದ ಮೇಲೆ ವಂಚಕರು ಕೀಲಿ ಕೊಡುವವರ ಹತ್ತಿರ ಹೋಗುತ್ತಾರೆ. ‘ಫೋನ್ ಕಳೆದುಹೋಗಿದೆ, ಹತ್ತು ನಿಮಿಷದಲ್ಲಿ ಸಭೆ ಇದೆ’ ಎಂಬ ಒಂದು ಕರೆ. 2023ರ ಸೆಪ್ಟೆಂಬರಿನಲ್ಲಿ ಅಮೆರಿಕದ ಹೋಟೆಲ್-ಕ್ಯಾಸಿನೊ ಕಂಪನಿ ಎಂಜಿಎಂ ರೆಸಾರ್ಟ್ಸ್ ಮೇಲೆ ನಡೆದ ದಾಳಿ ಹೆಲ್ಪ್‌ಡೆಸ್ಕಿಗೆ ಮಾಡಿದ ಇಂಥ ಕರೆಯಿಂದ ಶುರುವಾಯಿತೆಂದು ವರದಿಯಾಗಿತ್ತು. ತನಗಾದ ಹೊಡೆತ ಸುಮಾರು 10 ಕೋಟಿ ಡಾಲರ್ ಎಂದು ಕಂಪನಿ ಅಂದಾಜಿಸಿತು. 2020ರ ಜುಲೈ 15ರಂದು ಟ್ವಿಟರ್‌ನಲ್ಲಿ ನಡೆದದ್ದು ಇದರ ತಿರುಗುಮುರುಗು: ವಂಚಕರು ತಾವೇ ಐಟಿ ವಿಭಾಗದವರೆಂದು ನೌಕರರಿಗೆ ಕರೆ ಮಾಡಿದರು. ಗುರಿಯಾದ ಖಾತೆಗಳು 130. ಅವುಗಳಲ್ಲಿ 45ರಿಂದ ಟ್ವೀಟ್‌ಗಳು ಹೊರಬಿದ್ದವು.

ಕರೆ ಮಾಡಿದವರು ಯಾರೆಂದು ಹೆಲ್ಪ್‌ಡೆಸ್ಕ್ ಹೇಗೆ ಖಚಿತಪಡಿಸಿಕೊಂಡಿತು ಎಂಬುದನ್ನು ಟಿಕೆಟಿನಲ್ಲಿ, ಎಂದರೆ ಆ ಕೋರಿಕೆಯ ದಾಖಲೆಯಲ್ಲಿ, ನೋಡಿ. ಹುಟ್ಟಿದ ದಿನ, ನೌಕರರ ಸಂಖ್ಯೆ, ಮೇಲಧಿಕಾರಿಯ ಹೆಸರು ಇವು ಗುರುತಲ್ಲ. ಗುರಿಯಿಟ್ಟು ಬಂದವರ ಬಳಿ ಇವೆಲ್ಲ ಇರುತ್ತವೆ. ಫೋನಿನಲ್ಲಿ ಕಾಣುವ ಸಂಖ್ಯೆಯೂ ಗುರುತಲ್ಲ, ಅದನ್ನು ನಕಲು ಮಾಡಬಹುದು. ದಾಖಲೆಯಲ್ಲಿರುವ ಸಂಖ್ಯೆಗೆ ತಿರುಗಿ ಕರೆ ಮಾಡುವುದು, ಫೋನೇ ಕಳೆದಿದೆ ಎಂದರೆ ಅವರ ಮೇಲಧಿಕಾರಿಯ ಮೂಲಕ ಖಚಿತಪಡಿಸುವುದು, ಅಡ್ಮಿನ್ ಖಾತೆಗಳಾದರೆ ಮುಖತಃ ಬರಲು ಹೇಳುವುದು: ಇಷ್ಟಿದ್ದರೆ ಸಾಕು. ಆಮೇಲೆ ನಿಜವಾದ ಪ್ರಶ್ನೆ ಕೇಳಿ. ಹೆಲ್ಪ್‌ಡೆಸ್ಕಿನ ಕೆಲಸವನ್ನು ನೀವು ಅಳೆಯುವುದು ಟಿಕೆಟ್ ಎಷ್ಟು ಬೇಗ ಮುಗಿಯಿತು ಎಂಬುದರಿಂದಲೇ? ಹಾಗಿದ್ದರೆ ಬೇಗ ಕೊಟ್ಟುಬಿಡಿ ಎಂದು ತಿಂಗಳು ತಿಂಗಳೂ ಅವರಿಗೆ ಕಲಿಸಿದವರು ನೀವೇ.

‘ಸಾಹೇಬರೇ ವಿಡಿಯೊದಲ್ಲಿ ಹೇಳಿದರು’

2024ರ ಆರಂಭದಲ್ಲಿ ಹಾಂಗ್‌ಕಾಂಗ್‌ನಲ್ಲಿ ಅರುಪ್ ಎಂಜಿನಿಯರಿಂಗ್ ಸಂಸ್ಥೆಯ ನೌಕರರೊಬ್ಬರಿಗೆ ಗುಟ್ಟಿನ ವ್ಯವಹಾರವೊಂದರ ಬಗ್ಗೆ ಮೇಲ್ ಬಂದಾಗ ಅನುಮಾನ ಹುಟ್ಟಿತ್ತು. ವಿಡಿಯೊ ಸಭೆಯಲ್ಲಿ ಪರಿಚಿತ ಮುಖಗಳನ್ನು ಕಂಡು ಆ ಅನುಮಾನ ಕರಗಿತು. ಸುಮಾರು 20 ಕೋಟಿ ಹಾಂಗ್‌ಕಾಂಗ್ ಡಾಲರ್ 15 ವರ್ಗಾವಣೆಗಳಲ್ಲಿ ಹೋಯಿತು. ಸಭೆಯಲ್ಲಿ ಕಂಡ ಮುಖಗಳು ಡೀಪ್‌ಫೇಕ್, ಕೃತಕ ಬುದ್ಧಿಯಿಂದ ಮಾಡಿದ ನಕಲು.

ಇಂಥ ಘಟನೆಯ ತನಿಖೆಯಲ್ಲಿ ‘ತುಟಿ ಚಲನೆ ಸರಿಯಿತ್ತೇ, ಕಣ್ಣು ಮಿಟುಕಿತೇ’ ಎಂದು ಕೇಳುತ್ತಾ ಕೂರುವುದು ಕಾಲಹರಣ. ಆ ದೋಷಗಳು ಬೇಗನೆ ಮಾಯವಾಗುತ್ತಿವೆ. ಕೇಳಬೇಕಾದದ್ದು: ಮೇಲಧಿಕಾರಿ ನಿಜವಾಗಿಯೇ ಎದುರು ನಿಂತು ಹೇಳಿದ್ದರೂ, ಬರಹದ ಮಂಜೂರಾತಿ ಇಲ್ಲದೆ ಆ ಹಣ ಹೊರಡಬೇಕಿತ್ತೇ? ಮಾಮೂಲಿ ದಾರಿಯನ್ನು ‘ಅವಸರ’, ‘ಗುಟ್ಟು’ ಎಂಬ ಎರಡು ಮಾತಿನಿಂದ ದಾಟಬಹುದಾದರೆ ದೋಷ ಅಲ್ಲಿದೆ. ಅದನ್ನು ಸರಿಪಡಿಸಬೇಕಾದವರು ಮೇಲಧಿಕಾರಿಗಳೇ. ತಮ್ಮ ಹೆಸರಿನಲ್ಲಿ ಬಂದ ಕೋರಿಕೆಯನ್ನು ಯಾರು ಬೇಕಾದರೂ ತಿರುಗಿ ಕರೆ ಮಾಡಿ ಪರಿಶೀಲಿಸಬಹುದು ಎಂದು ಅವರು ಬರೆದುಕೊಡಬೇಕು, ಮತ್ತು ಹಾಗೆ ಯಾರಾದರೂ ಕರೆ ಮಾಡಿದಾಗ ಸಿಡುಕಬಾರದು. ಒಮ್ಮೆ ಸಿಡುಕಿದರೆ ಆ ಬರಹಕ್ಕೆ ಬೆಲೆ ಇಲ್ಲ.

ಯಾರೂ ಏನೂ ಹೇಳಿಲ್ಲ

ದಾಖಲೆ ನೋಡಿದರೆ ಅದೇ ಮೇಲ್ ನಲವತ್ತು ಮಂದಿಗೆ ಬಂದಿತ್ತು, ಅನುಮಾನ ಪಟ್ಟವರೂ ಇದ್ದರು, ತಿಳಿಸಿದವರು ಸೊನ್ನೆ. ಇದು ಶಾಂತಿಯ ಲಕ್ಷಣವಲ್ಲ, ಭಯದ್ದೋ ಬೇಸರದ್ದೋ ಲಕ್ಷಣ. ತಿಳಿಸುವ ಗುಂಡಿ ಎಲ್ಲಿದೆ ಎಂದೇ ಗೊತ್ತಿಲ್ಲವೇ? ತಿಳಿಸಿದವರಿಗೆ ಹಿಂದೆ ಉತ್ತರ ಬಂದಿಲ್ಲವೇ? ಒತ್ತಿದ್ದೇನೆ ಎಂದು ಒಪ್ಪಿಕೊಂಡವರ ತಲೆದಂಡ ಆಗಿತ್ತೇ? ಮೂರನೆಯದು ನಿಜವಾಗಿದ್ದರೆ ಮುಂದಿನ ಸಲ ನಿಮಗೆ ಸುದ್ದಿ ಬರುವುದು ಬ್ಯಾಂಕಿನಿಂದ.

ತಿಳಿಸಿದರಷ್ಟೇ ಸಾಲದು, ಉತ್ತರವೂ ಸರಿಯಿರಬೇಕು. 2016ರಲ್ಲಿ ಅಮೆರಿಕದ ಚುನಾವಣಾ ಪ್ರಚಾರ ತಂಡವೊಂದರಲ್ಲಿ ಅನುಮಾನಾಸ್ಪದ ಮೇಲ್ ಬಂದಾಗ ಅದನ್ನು ಐಟಿ ನೆರವಿನವರಿಗೆ ತೋರಿಸಿ ಕೇಳಲಾಗಿತ್ತು. ಇದು ನಕಲಿ ಎಂದು ಬರೆಯಬೇಕಿದ್ದವರು, ತಾವೇ ಆಮೇಲೆ ಹೇಳಿದಂತೆ, ಬೆರಳು ತಪ್ಪಿ ಅಸಲಿ ಎಂಬರ್ಥದ ಪದ ಬರೆದರು. ಪಾಸ್‌ವರ್ಡ್ ಬದಲಿಸಲು ಸರಿಯಾದ ಕೊಂಡಿಯನ್ನೂ ಅದೇ ಉತ್ತರದಲ್ಲಿ ಕೊಟ್ಟಿದ್ದರು. ಆದರೆ ಒತ್ತಿದ್ದು ಮೇಲ್‌ನಲ್ಲಿದ್ದ ನಕಲಿ ಕೊಂಡಿಯನ್ನು. ಆದ್ದರಿಂದ ಉತ್ತರದಲ್ಲಿ ಮೊದಲ ಸಾಲು ಒಂದು ಆದೇಶವಾಗಿರಲಿ: ‘ಈ ಮೇಲನ್ನು ಮುಟ್ಟಬೇಡಿ.’ ವಿಶ್ಲೇಷಣೆ ಆಮೇಲೆ.

ಇನ್ನೊಂದು ಸಣ್ಣ ತಪಾಸಣೆ: ಫಿಲ್ಟರ್ ತಡೆದ ಮೇಲನ್ನು ನೌಕರರು ತಾವೇ ಹೊರತೆಗೆಯಬಹುದೇ? 2011ರಲ್ಲಿ ಆರ್‌ಎಸ್‌ಎ ಭದ್ರತಾ ಕಂಪನಿಗೆ ಬಂದ, ನೇಮಕಾತಿ ಯೋಜನೆಯ ಎಕ್ಸೆಲ್ ಕಡತವಿದ್ದ ಮೇಲ್ ಜಂಕ್ ಫೋಲ್ಡರಿಗೇ ಹೋಗಿತ್ತು. ಅಲ್ಲಿಂದ ಅದನ್ನು ಎತ್ತಿ ತೆರೆಯಲಾಯಿತು.

ಹೌದುಗಳ ಸರಪಳಿ

ಲಕ್ಷಣ ಯಾವುದೇ ಇರಲಿ, ಕೊನೆಗೆ ಒಂದು ಹಾಳೆ ತೆಗೆದುಕೊಂಡು ವಂಚಕರ ಮೊದಲ ಹೆಜ್ಜೆಯಿಂದ ನಷ್ಟದವರೆಗೆ ಯಾರು ಯಾರು, ಅಥವಾ ಯಾವ ಯಂತ್ರ, ‘ಹೌದು’ ಎಂದಿತು ಎಂದು ಸಾಲಾಗಿ ಬರೆಯಿರಿ. ಮೇಲ್ ಫಿಲ್ಟರ್ ಹೌದು ಎಂದಿತು. ಓದಿದವರು ಹೌದು ಎಂದರು. ಲಾಗಿನ್ ವ್ಯವಸ್ಥೆ ಅಪರಿಚಿತ ಯಂತ್ರಕ್ಕೆ ಹೌದು ಎಂದಿತು. ಮೇಲ್‌ಬಾಕ್ಸ್ ಹೊಸ ನಿಯಮಕ್ಕೆ, ತಂತ್ರಾಂಶ ಹೊಸ ಖಾತೆಗೆ, ಬ್ಯಾಂಕ್ ಹೊಸ ದೇಶಕ್ಕೆ ಹೌದು ಎಂದವು. ಪ್ರತಿ ಸಾಲಿನ ಪಕ್ಕದಲ್ಲಿ ‘ಇಲ್ಲ’ ಎನ್ನಲು ಅವರಿಗೆ ಏನು ಮಾಹಿತಿ ಇತ್ತು, ಅಧಿಕಾರ ಇತ್ತೇ ಎಂದು ಬರೆಯಿರಿ. ಮಾಹಿತಿಯೂ ಅಧಿಕಾರವೂ ಇಲ್ಲದ ಜಾಗದಲ್ಲಿ ನಿಂತವರನ್ನು ದೂರುವುದು ವ್ಯರ್ಥ. ದುರಸ್ತಿ ಆರಂಭವಾಗಬೇಕಾದದ್ದು ಮನುಷ್ಯರ ಗಮನವನ್ನು ನೆಚ್ಚಿಕೊಳ್ಳದ, ಕಡಿಮೆ ಖರ್ಚಿನ ಕೊಂಡಿಯಿಂದ: ಹೊರಗಿನ ವಿಳಾಸಕ್ಕೆ ಮೇಲ್ ತಾನಾಗಿ ಫಾರ್ವರ್ಡ್ ಆಗುವುದನ್ನು ಮುಚ್ಚುವುದು, ಆ್ಯಪ್ ಅನುಮತಿಗೆ ಅಡ್ಮಿನ್ ಮಂಜೂರಾತಿ ಬೇಕೆನ್ನುವುದು, ನಿಮ್ಮ ಡೊಮೇನಿನ ಡಿಮಾರ್ಕ್ ನೀತಿ ಇನ್ನೂ ‘ಸುಮ್ಮನೆ ನೋಡು’ ಹಂತದಲ್ಲೇ ಇದ್ದರೆ ಅದನ್ನು ‘ತಿರಸ್ಕರಿಸು’ ಹಂತಕ್ಕೆ ಒಯ್ಯುವುದು. ಕೊನೆಯದನ್ನು ಅವಸರದಲ್ಲಿ ಮಾಡಬೇಡಿ. ನಿಮ್ಮ ಹೆಸರಿನಲ್ಲಿ ಮೇಲ್ ಕಳುಹಿಸುವ ಸಂಬಳದ ತಂತ್ರಾಂಶ, ಸುದ್ದಿಪತ್ರದ ಸೇವೆ ಎಲ್ಲವನ್ನೂ ಮೊದಲು ಪಟ್ಟಿಮಾಡಿ, ವರದಿಗಳನ್ನು ಕೆಲವು ವಾರ ಓದಿ, ಆಮೇಲೆ ಬಿಗಿಗೊಳಿಸಿ.

ದುರಸ್ತಿ ಗಟ್ಟಿಯಾಗಿದೆಯೇ?

ಅಣಕು ದಾಳಿ ಮಾಡಿ ನೋಡಬಹುದು, ಆದರೆ ಎಷ್ಟು ಮಂದಿ ಒತ್ತಿದರು ಎಂಬ ಶೇಕಡಾವಾರು ಹಿಡಿದು ಕೂರಬೇಡಿ. ಸುಲಭದ ಮೇಲ್ ಕಳುಹಿಸಿದರೆ ಅದು ಇಳಿಯುತ್ತದೆ, ಜಾಣತನದ್ದು ಕಳುಹಿಸಿದರೆ ಏರುತ್ತದೆ. ಸಂಸ್ಥೆಯ ಬಗ್ಗೆ ಅದು ಹೇಳುವುದು ಕಡಿಮೆ. ಮೊದಲ ದೂರು ಎಷ್ಟು ನಿಮಿಷದಲ್ಲಿ ಬಂತು, ದೂರು ಬಂದ ಮೇಲೆ ಉಳಿದ ಇನ್‌ಬಾಕ್ಸ್‌ಗಳಿಂದ ಆ ಮೇಲನ್ನು ತೆಗೆಯಲು ಎಷ್ಟು ಹೊತ್ತಾಯಿತು ಎಂಬ ಎರಡನ್ನು ಅಳೆಯಿರಿ. ನೌಕರರನ್ನು ನಗೆಗೀಡು ಮಾಡುವ, ಬೋನಸ್ ಬಂದಿದೆ ಎಂದು ಆಸೆ ತೋರಿಸುವ ಅಣಕು ಮೇಲ್‌ಗಳು ಬೇಡ. ಅವು ತಿಳಿಸುವ ಮನಸ್ಸನ್ನೇ ಕೊಲ್ಲುತ್ತವೆ.

ಮೇಲ್ ಬಿಟ್ಟು ಬೇರೆ ಪರೀಕ್ಷೆಗಳನ್ನೂ ಮಾಡಿ. ಮುಂಚೆಯೇ ಒಪ್ಪಿಗೆ ಪಡೆದು ಹೆಲ್ಪ್‌ಡೆಸ್ಕಿಗೆ ಒಂದು ಕರೆ ಮಾಡಿಸಿ. ಲೆಕ್ಕಪತ್ರಕ್ಕೆ ಖಾತೆ ಬದಲಾವಣೆಯ ಸುಳ್ಳು ಕೋರಿಕೆಯೊಂದನ್ನು ಕಳುಹಿಸಿ, ಅದು ಎಷ್ಟನೇ ಕೈಯಲ್ಲಿ ನಿಂತಿತು ಎಂದು ನೋಡಿ. ಎರಡನೆಯವರ ಬಳಿ ನಿಂತರೆ ವ್ಯವಸ್ಥೆ ಕೆಲಸ ಮಾಡುತ್ತಿದೆ. ಮೊದಲನೆಯವರೇ ತಡೆದರೆ ಅವರಿಗೆ ಧನ್ಯವಾದ ಹೇಳಿ, ಆದರೆ ಅವರು ರಜೆಯಲ್ಲಿರುವ ದಿನ ಇನ್ನೊಮ್ಮೆ ಪರೀಕ್ಷಿಸಿ.